ಒಂದು ಮನೆ, ಮೂರು ಬಗೆಯ ನೀರು: ಗಡಸು ನೀರಿಗೆ ಮೆಷಿನ್ ಆರಿಸಿದ ಪ್ರಕರಣ

ಇದು ಬೆಂಗಳೂರಿನ ಪೂರ್ವ ಅಂಚಿನ ಒಂದು ಮನೆಯಲ್ಲಿ ನಡೆದದ್ದು. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಬಡಾವಣೆ, ಗುರುತು ಸಿಗುವಂಥ ವಿವರ ಯಾವುದನ್ನೂ ಕೊಟ್ಟಿಲ್ಲ. ನಾನು ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತಿಯಾದವಳು. ಸುತ್ತಮುತ್ತಲಿನವರು ನೀರು ತಂದು ಕೊಟ್ಟರೆ ಪರೀಕ್ಷೆ ಮಾಡಿ ಕೊಡುತ್ತೇನೆ. ಈ ಮನೆಯ ಪರಿಚಯ ಆಗಿದ್ದೂ ಹಾಗೆಯೇ.

ಹಿನ್ನೆಲೆ

2007ರಲ್ಲಿ ಮಹಾನಗರ ಪಾಲಿಕೆಗೆ ಸೇರಿದ 110 ಹಳ್ಳಿಗಳಲ್ಲಿ ಒಂದರಲ್ಲಿ ಈ ಮನೆ ಇದೆ. 30×40 ಸೈಟು, ನೆಲಮಹಡಿ, ಮೇಲೊಂದು ಮಹಡಿ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಗಂಡನ ತಾಯಿ. ಅಜ್ಜಿಗೆ ಎಪ್ಪತ್ತು ದಾಟಿದೆ, ಬಿಪಿ ಮಾತ್ರೆ ನುಂಗುತ್ತಾರೆ. ಕಾವೇರಿ ನೀರು ಆಗಿನ್ನೂ ಬಂದಿರಲಿಲ್ಲ. ಮನೆಯದೇ ಬೋರ್‌ವೆಲ್ ಇತ್ತು. 2024ರ ಬೇಸಿಗೆಯಲ್ಲಿ ಬೆಂಗಳೂರು ನೀರಿಗಾಗಿ ಪರದಾಡಿದ್ದು ನಿಮಗೆ ನೆನಪಿರಬಹುದು. ಆಗ ಈ ಬೋರ್ ದಿನಕ್ಕೆ ಅರ್ಧ ಗಂಟೆ ಮಾತ್ರ ನೀರು ಎತ್ತುತ್ತಿತ್ತು. ಉಳಿದದ್ದಕ್ಕೆ ಟ್ಯಾಂಕರ್ ತರಿಸುತ್ತಿದ್ದರು. ಎರಡೂ ಒಂದೇ ಸಂಪಿಗೆ ಬೀಳುತ್ತಿತ್ತು.

ಆ ಏಪ್ರಿಲ್‌ನಲ್ಲಿ ಸೊಸೆ ನನಗೆ ಫೋನ್ ಮಾಡಿದರು. "ಮೇಡಂ, ಆರ್‌ಒದ ಮೆಂಬ್ರೇನ್ ಮೂರನೇ ಸಲ ಹೋಯ್ತು. ಈಗ ಇಡೀ ಮನೆಗೇ ಮೆಷಿನ್ ಹಾಕಿಸಿ ಅಂತಿದ್ದಾರೆ. 95 ಸಾವಿರವಂತೆ. ಹಾಕಿಸಲಾ?"

ಆರ್‌ಒ ಅಂದರೆ ಮೆಂಬ್ರೇನ್ ಎಂಬ ತೆಳು ಪೊರೆಯ ಮೂಲಕ ಒತ್ತಿ, ಕುಡಿಯುವ ನೀರಿನ ಲವಣ ಸೋಸುವ ಯಂತ್ರ. ಹೋಗಿ ನೋಡಿದೆ. ಬಾತ್‌ರೂಮಿನ ಟೈಲ್ಸ್, ಶವರ್, ನಲ್ಲಿ ಎಲ್ಲದರ ಮೇಲೂ ಬಿಳಿ ಪೊರೆ. ಗೀಸರ್‌ನ ಕಾಯಿಲ್ ಎರಡು ಸಲ ಬದಲಾಗಿತ್ತು. ಸುಟ್ಟುಹೋದ ಕಾಯಿಲನ್ನು ಅವರು ಎತ್ತಿಟ್ಟಿದ್ದರು. ಅದರ ಮೇಲೆ ಬೆರಳು ದಪ್ಪದ ಸುಣ್ಣದ ಚಕ್ಕೆ. ಹುಣಸೆಹಣ್ಣಿನ ರಸ ಬಿಟ್ಟರೆ ಬುಸ್ ಎಂದು ಉಕ್ಕಿತು. ಅಜ್ಜಿಗೆ ಅದು ಹೊಸದೇನಲ್ಲ. ಅವರ ಕಾಲದಲ್ಲಿ ಬಚ್ಚಲು ಹಂಡೆಯ ಒಳಗಿನ ಬಿಳಿ ಪದರವನ್ನು ತೆಗೆಯುತ್ತಿದ್ದದ್ದೇ ಹುಣಸೆಹಣ್ಣಿನಿಂದ. ಅವರ ಚಿಂತೆ ಬೇರೆ ಇತ್ತು. "ನಮ್ಮೂರ ಬಾವಿ ನೀರಲ್ಲಿ ಬೇಳೆ ಬೆಣ್ಣೆ ಹಾಗೆ ಬೇಯ್ತಿತ್ತಮ್ಮ. ಇಲ್ಲಿ ಕುಕ್ಕರ್ ಆರು ಸಲ ಕೂಗಿದ್ರೂ ಬೇಳೆ ಕಣ್ಣು ಬಿಟ್ಕೊಂಡು ಕೂತಿರುತ್ತೆ."

ಗಡಸು ನೀರಿನಲ್ಲಿ, ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಿರುವ ನೀರಿನಲ್ಲಿ, ಬೇಳೆ ಬೇಯದಿರುವುದು ನಿಜವೇ. ನೀರಿನ ಕ್ಯಾಲ್ಸಿಯಂ ಬೇಳೆಯೊಳಗಿನ ಪೆಕ್ಟಿನ್ ಜೊತೆ ಸೇರಿ ಅದನ್ನು ಬಿಗಿ ಮಾಡುತ್ತದೆ. ಅಜ್ಜಿ ಯಾವ ಮೀಟರೂ ಇಲ್ಲದೆ ಸಮಸ್ಯೆಯನ್ನು ಸರಿಯಾಗಿ ಹೇಳಿದ್ದರು.

ನನಗಿಂತ ಮೊದಲು ಏನೇನು ಮಾಡಿದ್ದರು

ಶವರ್‌ಗೆ ಸಿಕ್ಕಿಸುವ ಫಿಲ್ಟರ್ ತಂದಿದ್ದರು. ಅದರೊಳಗೆ ಇರುವುದು ಹೆಚ್ಚಾಗಿ ಇದ್ದಿಲು. ಕ್ಲೋರಿನ್ ವಾಸನೆ ಹಿಡಿಯುತ್ತದೆ, ಗಡಸನ್ನು ಮುಟ್ಟುವುದಿಲ್ಲ. ಪೈಪಿಗೆ ಸುತ್ತುವ ಅಯಸ್ಕಾಂತವನ್ನೂ ಕಟ್ಟಿಸಿದ್ದರು. ಅದರ ಮುಂದಿನ ನೀರು, ಹಿಂದಿನ ನೀರು ಎರಡನ್ನೂ ನಾನು ಪರೀಕ್ಷೆ ಮಾಡಿದೆ. ಒಂದು ಹನಿಯೂ ವ್ಯತ್ಯಾಸ ಇರಲಿಲ್ಲ.

95 ಸಾವಿರದ ಮೆಷಿನ್ ಹೇಳಿದವರು ಮನೆಗೆ ಬಂದು ಒಂದು ಪ್ರಯೋಗ ತೋರಿಸಿದ್ದರಂತೆ. ಎರಡು ಲೋಟ. ಒಂದರಲ್ಲಿ ಬೋರ್ ನೀರು, ಇನ್ನೊಂದರಲ್ಲಿ ಆರ್‌ಒ ನೀರು. ಎರಡಕ್ಕೂ ಕಬ್ಬಿಣದ ಕಡ್ಡಿ ಇಳಿಸಿ ಕರೆಂಟ್ ಹಾಯಿಸಿದರು. ಬೋರ್ ನೀರು ಕಂದು ಬಣ್ಣಕ್ಕೆ ತಿರುಗಿ, ಮೇಲೆ ಕೊಳೆ ತೇಲಿತು. ಮಕ್ಕಳು ಹೆದರಿಬಿಟ್ಟರು. ಇದನ್ನು ಎಷ್ಟೋ ಮನೆಗಳಲ್ಲಿ ತೋರಿಸುತ್ತಾರೆ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಆ ಕಂದು ಬಣ್ಣ ಕಡ್ಡಿಯದು. ಲವಣ ಇರುವ ನೀರಿನಲ್ಲಿ ಕರೆಂಟ್ ಚೆನ್ನಾಗಿ ಹರಿಯುತ್ತದೆ, ಕಬ್ಬಿಣ ಕರಗಿ ತುಕ್ಕಾಗುತ್ತದೆ. ಆರ್‌ಒ ನೀರಿನಲ್ಲಿ ಲವಣ ಕಡಿಮೆ, ಕರೆಂಟ್ ಅಷ್ಟಾಗಿ ಹರಿಯದು, ನೀರು ತಿಳಿಯಾಗಿಯೇ ಉಳಿಯುತ್ತದೆ. ಶುದ್ಧ ಬಾವಿ ನೀರಿಗೆ ಚಿಟಿಕೆ ಉಪ್ಪು ಹಾಕಿ ಹೀಗೆ ಮಾಡಿದರೂ ಕಂದು ಬಣ್ಣವೇ ಬರುತ್ತದೆ. ಕಾಲೇಜಿನ ಲ್ಯಾಬಿನಲ್ಲಿ ಮಕ್ಕಳಿಗೆ ವಿದ್ಯುದ್ವಿಭಜನೆ ಕಲಿಸಲು ಮಾಡುವ ಪ್ರಯೋಗವನ್ನು ಮನೆಮಂದಿಯನ್ನು ಹೆದರಿಸಲು ಬಳಸುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಪರೀಕ್ಷೆ, ಮತ್ತು ಯಾರೂ ಕೇಳದಿದ್ದ ಒಂದು ಅಂಕಿ

ಮೂರು ಕಡೆಯಿಂದ ನೀರು ತೆಗೆದೆವು. ಬೋರ್ ಹತ್ತು ನಿಮಿಷ ಓಡಿದ ಮೇಲೆ ಒಂದು ಬಾಟಲಿ. ಟ್ಯಾಂಕರ್ ಪೈಪಿನಿಂದಲೇ ಒಂದು. ಸಂಪಿನಿಂದ ಒಂದು. ಸಂಪಿನದು ಬ್ಯಾಕ್ಟೀರಿಯಾ ಪರೀಕ್ಷೆಗೂ ಬೇಕಿತ್ತು, ಅದಕ್ಕೆ ಲ್ಯಾಬಿನವರು ಕೊಟ್ಟ ಸ್ಟೆರೈಲ್ ಬಾಟಲಿ. ಮನೆಯ ಹಳೇ ನೀರಿನ ಬಾಟಲಿ ತುಂಬಿಸಿ ಕೊಟ್ಟರೆ ಆ ಪರೀಕ್ಷೆಗೆ ಅರ್ಥವೇ ಇಲ್ಲ.

ಎನ್‌ಎಬಿಎಲ್ ಮಾನ್ಯತೆಯ ಲ್ಯಾಬಿನಿಂದ ಬಂದ ಬೋರ್ ನೀರಿನ ವರದಿ ಹೀಗಿತ್ತು: ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಒಟ್ಟು ಲವಣ, ಲೀಟರಿಗೆ 1,150 ಮಿಲಿಗ್ರಾಂ. ಗಡಸು 640. ಫ್ಲೋರೈಡ್ 0.8. ಕಬ್ಬಿಣ ಬಹಳ ಕಡಿಮೆ. ನೈಟ್ರೇಟ್ 68.

ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನ ಗಡಸು 200 ಒಳಗಿದ್ದರೆ ಒಳ್ಳೆಯದು. ಬೇರೆ ನೀರು ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಟಿಡಿಎಸ್‌ಗೂ ಹಾಗೇ ಎರಡು ಮಿತಿ, 500 ಮತ್ತು 2,000. ಆದರೆ ನೈಟ್ರೇಟ್‌ಗೆ ಒಂದೇ ಮಿತಿ, 45. ಅದಕ್ಕೆ ಸಡಿಲಿಕೆ ಇಲ್ಲ.

ಮನೆಯವರೆಲ್ಲ ಟಿಡಿಎಸ್ ಬಗ್ಗೆ ಕೇಳಿದರು. ನೈಟ್ರೇಟ್ ಬಗ್ಗೆ ಯಾರೂ ಕೇಳಲಿಲ್ಲ. ಟಿಡಿಎಸ್ ಮೀಟರಿನಲ್ಲಿ ಅದು ಕಾಣುವುದೂ ಇಲ್ಲ. ಪಕ್ಕದ ಖಾಲಿ ಸೈಟಿನಲ್ಲಿ ಹಳೆಯ ಇಂಗುಗುಂಡಿ ಇತ್ತು. ಸಂಪಿನ ನೀರಿನಲ್ಲಿ ಕೋಲಿಫಾರ್ಮ್ ಬ್ಯಾಕ್ಟೀರಿಯಾವೂ ಸಿಕ್ಕಿತು. ಎರಡನ್ನೂ ಜೋಡಿಸಿ ನೋಡಿದರೆ ಕೊಳಚೆ ಎಲ್ಲೋ ಒಳಗೆ ಸೇರುತ್ತಿದೆ ಎಂದೇ ಅನುಮಾನ.

ಆಗ ಸೊಸೆ ಮೆಲ್ಲಗೆ ಒಂದು ಮಾತು ಹೇಳಿದರು. ಆಗಸ್ಟ್‌ನಲ್ಲಿ ನಾದಿನಿ ಬಾಣಂತನಕ್ಕೆ ಬರುವವರಿದ್ದಾರೆ.

ಈ ಪ್ರಕರಣದ ಮೊದಲ ತಿರುವು ಇದು. ಹೆಚ್ಚು ನೈಟ್ರೇಟ್ ಇರುವ ನೀರಿನಲ್ಲಿ ಪುಡಿಹಾಲು ಕಲಸಿ ಕೊಟ್ಟರೆ ಎಳೆಕೂಸಿನ ರಕ್ತ ಆಮ್ಲಜನಕ ಸಾಗಿಸುವ ಶಕ್ತಿ ಕಳೆದುಕೊಳ್ಳಬಹುದು. ಮೈ ನೀಲಿಗಟ್ಟುವುದು ಅದರಿಂದಲೇ. ನೀರು ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಜಾಸ್ತಿಯಾಗುತ್ತದೆ. ಯುವಿ ದೀಪ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ನೈಟ್ರೇಟ್ ಹಾಗೇ ಉಳಿಯುತ್ತದೆ. ಸಾಫ್ಟ್‌ನರ್, ಅಂದರೆ ಇಡೀ ಮನೆಗೆ ಹಾಕಿಸಿ ಎಂದಿದ್ದ ಆ ಗಡಸು ತೆಗೆಯುವ ಮೆಷಿನ್ ಕೂಡ ಅದನ್ನು ತೆಗೆಯುವುದಿಲ್ಲ. ಈ ಮನೆಯಲ್ಲಿ ಅದನ್ನು ತೆಗೆಯಬಲ್ಲದ್ದು ಆರ್‌ಒ ಮಾತ್ರ. ಅಂದರೆ ಎಲ್ಲರೂ ಬೈಯುತ್ತಿದ್ದ, ಪದೇ ಪದೇ ಕೆಡುತ್ತಿದ್ದ ಆ ಆರ್‌ಒ ಈ ಮನೆಗೆ ಬೇಕೇ ಬೇಕಿತ್ತು.

ಟ್ಯಾಂಕರ್ ನೀರಿನದು ಇನ್ನೊಂದು ತೊಡಕು. ಮೂರು ವಾರದಲ್ಲಿ ನಾಲ್ಕು ಟ್ಯಾಂಕರ್ ನೀರಿನ ಗಡಸು ನೋಡಿದೆ. ಒಂದು ಸಲ 420, ಇನ್ನೊಂದು ಸಲ 900. ಅವರು ಎಲ್ಲಿಂದ ತುಂಬಿಸುತ್ತಾರೋ ಅದರ ಮೇಲೆ ಹೋಗುತ್ತದೆ.

ಇಡೀ ಮನೆಗೆ ಬೇಕೇ?

ಸಾಫ್ಟ್‌ನರ್ ಹೇಗೆ ಕೆಲಸ ಮಾಡುತ್ತದೆ ಎಂದು ಒಂದು ಸಂಜೆ ಎಲ್ಲರನ್ನೂ ಕೂರಿಸಿ ಹೇಳಿದೆ. ಸಿಲಿಂಡರಿನೊಳಗೆ ಸಾಸಿವೆ ಕಾಳಿನಂಥ ರೆಸಿನ್ ಮಣಿಗಳು ಇರುತ್ತವೆ. ಅವು ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಸೋಡಿಯಂ ಬಿಟ್ಟುಕೊಡುತ್ತವೆ. ಮಣಿ ತುಂಬಿದ ಮೇಲೆ ಗಟ್ಟಿ ಉಪ್ಪುನೀರು ಹಾಯಿಸಿದರೆ ಮತ್ತೆ ಸಿದ್ಧವಾಗುತ್ತವೆ. ಇಷ್ಟೇ.

ಅಂದರೆ ನೀರಿನಿಂದ ಏನೂ ಕಡಿಮೆಯಾಗುವುದಿಲ್ಲ, ಒಂದು ಹೋಗಿ ಇನ್ನೊಂದು ಬರುತ್ತದೆ. ಗಡಸು ಒಂದು ಮಿಲಿಗ್ರಾಂ ಕಡಿಮೆಯಾದರೆ ಸೋಡಿಯಂ ಸುಮಾರು 0.46 ಮಿಲಿಗ್ರಾಂ ಸೇರುತ್ತದೆ. 640 ಗಡಸಿನ ನೀರು ಪೂರ್ತಿ ಮೆದುವಾದರೆ ಲೀಟರಿಗೆ ಹೆಚ್ಚುಕಡಿಮೆ 295 ಮಿಲಿಗ್ರಾಂ ಸೋಡಿಯಂ ಕೂಡಿಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇಡೀ ದಿನಕ್ಕೆ 2,000 ಮಿಲಿಗ್ರಾಂಗಿಂತ ಕಡಿಮೆ ಸೋಡಿಯಂ. ಬಿಪಿ ಇರುವವರು ಎರಡು ಲೀಟರ್ ಇಂಥ ನೀರು ಕುಡಿದರೆ ಅದರ ಕಾಲು ಭಾಗಕ್ಕೂ ಜಾಸ್ತಿ ನೀರಿನಿಂದಲೇ ಹೋಗುತ್ತದೆ.

"ಅಜ್ಜಿ ಆರ್‌ಒ ನೀರೇ ಕುಡಿಯೋದು ಅಲ್ವಾ?" ಎಂದೆ. ಎಲ್ಲರೂ ಅಜ್ಜಿಯ ಕಡೆ ನೋಡಿದರು.

"ಆ ಮೆಷಿನ್ ನೀರು ಸಪ್ಪೆ ಕಣಮ್ಮ. ನಾನು ಸಿಂಕಿನ ನಲ್ಲೀಲೇ ಚೊಂಬು ತುಂಬಿಸ್ಕೊಳ್ಳೋದು."

ತಾಮ್ರದ ಚೊಂಬು ರಾತ್ರಿ ತುಂಬಿಟ್ಟು ಬೆಳಿಗ್ಗೆ ಕುಡಿಯುವುದು ಅವರ ಅಭ್ಯಾಸ. ಮನೆಯಲ್ಲಿ ಯಾರೂ ಗಮನಿಸಿರಲಿಲ್ಲ. 95 ಸಾವಿರದ ಮೆಷಿನ್ ಸುಮ್ನೆ ಹಾಕಿಸಿಬಿಟ್ಟಿದ್ದರೆ ಆ ಚೊಂಬಿಗೆ ಹೋಗುತ್ತಿದ್ದದ್ದು ಸೋಡಿಯಂ ತುಂಬಿದ, ನೈಟ್ರೇಟ್ ಹಾಗೇ ಇರುವ ನೀರು. ಯಾರು ಯಾವ ನಲ್ಲಿಯಿಂದ ಏನು ಮಾಡುತ್ತಾರೆ ಎಂದು ಒಬ್ಬೊಬ್ಬರನ್ನೂ ಕೇಳದೆ ಮೆಷಿನ್ ಆರಿಸಬಾರದು ಎಂದು ನನಗೆ ಗಟ್ಟಿಯಾದದ್ದು ಆವತ್ತೇ.

ಆಮೇಲೆ ಕಾಗದದ ಮೇಲೆ ಲೆಕ್ಕ ಹಾಕಿದೆವು. ಐದು ಜನಕ್ಕೆ ದಿನಕ್ಕೆ ಸುಮಾರು 675 ಲೀಟರ್ ನೀರು. ಅದರಲ್ಲಿ ಸ್ನಾನ, ಬಟ್ಟೆ, ಪಾತ್ರೆಗೆ 450. ಉಳಿದದ್ದು ಫ್ಲಶ್, ಗಿಡ, ನೆಲ ಒರೆಸುವುದು, ಗಾಡಿ ತೊಳೆಯುವುದು. ಫ್ಲಶ್‌ಗೆ ಮೆದು ನೀರು ಯಾಕೆ ಬೇಕು? ಗಿಡಕ್ಕಂತೂ ಸೋಡಿಯಂ ನೀರು ಹಾಕಲೇಬಾರದು, ಮಣ್ಣು ಕೆಡುತ್ತದೆ.

25 ಲೀಟರ್ ರೆಸಿನ್ ಇರುವ ಸಿಲಿಂಡರ್ ಒಂದು ಸಲ ಸುಮಾರು 1,100 ಗ್ರಾಂ ಗಡಸು ಹಿಡಿಯುತ್ತದೆ. 640 ಗಡಸಿನ ನೀರಾದರೆ 1,700 ಲೀಟರ್ ಬರುತ್ತದೆ, ಅಂದರೆ ಮೂರು-ನಾಲ್ಕು ದಿನಕ್ಕೊಮ್ಮೆ ಉಪ್ಪು. ಪ್ರತಿ ಸಲ ನಾಲ್ಕು ಕಿಲೋ ಉಪ್ಪು, ತೊಳೆಯಲು 150ರಿಂದ 200 ಲೀಟರ್ ನೀರು. ನೀರಿಗೇ ಬರ ಇರುವ ಮನೆಯಲ್ಲಿ ಇದು ಸಣ್ಣ ಖರ್ಚಲ್ಲ. ಇಡೀ ಮನೆಗೆ ಮಾಡಿದರೆ ಇನ್ನೂ ಜಾಸ್ತಿ.

ಟೈಮರ್ ಇರುವ ಆಟೊಮ್ಯಾಟಿಕ್ ಮೆಷಿನ್ ಬೇಡ ಎನ್ನಲು ಟ್ಯಾಂಕರೇ ಕಾರಣ. ಅದು ನಾಲ್ಕು ದಿನಕ್ಕೊಮ್ಮೆ ಎಂದು ಇಟ್ಟರೆ ನಾಲ್ಕು ದಿನಕ್ಕೇ ತೊಳೆಯುತ್ತದೆ. 900 ಗಡಸಿನ ನೀರು ಬಂದ ವಾರ 1,200 ಲೀಟರಿಗೇ ರೆಸಿನ್ ತುಂಬಿಹೋಗಿರುತ್ತದೆ, ಉಳಿದ ದಿನ ಗಡಸು ನೀರೇ. ಜೊತೆಗೆ ಅಂಥ ಮೆಷಿನ್‌ಗೆ ಒತ್ತಡ ಬೇಕು. ತಾರಸಿಯ ಟ್ಯಾಂಕಿನಿಂದ ಇಳಿಯುವ ನೀರಿನ ಒತ್ತಡ ಸಾಲುವುದಿಲ್ಲ, ಪ್ರೆಷರ್ ಪಂಪಿನ ಖರ್ಚು ಬೇರೆ.

ಕೊನೆಗೆ ಆರಿಸಿದ್ದು ಕೈಯಲ್ಲಿ ತಿರುಗಿಸುವ ವಾಲ್ವ್ ಇರುವ 25 ಲೀಟರಿನ ಸಾಫ್ಟ್‌ನರ್. ಪ್ಲಂಬಿಂಗ್ ಬಿಟ್ಟು 34 ಸಾವಿರ. ಸಂಪಿನ ಮೋಟಾರಿನಿಂದ ಮೇಲಕ್ಕೆ ಹೋಗುವ ಲೈನಿನಲ್ಲೇ ಕೂರಿಸಿದೆವು. ಮೋಟಾರಿನ ಒತ್ತಡವೇ ಸಾಕಾಯಿತು. ತಾರಸಿಯಲ್ಲಿ ಹೊಸದಾಗಿ 500 ಲೀಟರಿನ ಟ್ಯಾಂಕ್ ಇಟ್ಟು ಸ್ನಾನದ ನಲ್ಲಿಗಳು, ವಾಷಿಂಗ್ ಮೆಷಿನ್, ಸಿಂಕ್ ಇವುಗಳ ಲೈನನ್ನು ಅದಕ್ಕೆ ಸೇರಿಸಿದರು. ಫ್ಲಶ್ ಮತ್ತು ಹೊರಗಿನ ನಲ್ಲಿಗಳು ಹಳೆಯ ಟ್ಯಾಂಕಿನಲ್ಲೇ ಉಳಿದವು. ಆರ್‌ಒಗೆ ಮೆದು ನೀರನ್ನೇ ಕೊಟ್ಟೆವು. ಮೆಂಬ್ರೇನ್ ಹಾಳಾಗುತ್ತಿದ್ದದ್ದು ಸುಣ್ಣ ಕಟ್ಟಿಯೇ. ಮೆದು ನೀರಿನಲ್ಲಿರುವ ಸೋಡಿಯಂ ಅನ್ನು ಆರ್‌ಒ ಬಹುಪಾಲು ತೆಗೆಯುತ್ತದೆ.

ಸಂಪನ್ನು ಪೂರ್ತಿ ಖಾಲಿ ಮಾಡಿಸಿ, ತೊಳೆದು, ಬಿರುಕು ಮುಚ್ಚಿಸಿ, ಬ್ಲೀಚಿಂಗ್ ಪೌಡರ್ ಹಾಕಿಸಿದ್ದೂ ಆಗಲೇ. ಮುರಿದುಬಿದ್ದಿದ್ದ ಮಳೆನೀರಿನ ಪೈಪು, ಫಿಲ್ಟರ್ ಸರಿಮಾಡಿಸಿ ಸಂಪಿಗೆ ಕೊಟ್ಟರು. ಮಳೆ ಬಿದ್ದ ವಾರಗಳಲ್ಲಿ ಸಂಪಿನ ಗಡಸು 300ಕ್ಕೆ ಇಳಿದದ್ದನ್ನು ನಾನೇ ನೋಡಿದ್ದೇನೆ.

ಹಾಕಿದ ಮೇಲೆ

ಎರಡನೇ ದಿನವೇ ಫೋನ್. "ಮೇಡಂ, ಮೋಸ ಆಯ್ತು. ಟಿಡಿಎಸ್ ಮೊದಲು 1,150 ಇತ್ತು, ಈಗ 1,170 ತೋರಿಸ್ತಿದೆ!" ಗಾಬರಿಯಾಗುವುದು ಸಹಜ. ಕ್ಯಾಲ್ಸಿಯಂ ಹೋಗಿ ಸೋಡಿಯಂ ಬಂದಿದೆ, ಒಟ್ಟು ಲವಣ ಅಷ್ಟೇ ಇದೆ, ಆ ಮೀಟರ್ ಒಟ್ಟು ಲವಣವನ್ನು ಮಾತ್ರ ಹೇಳುತ್ತದೆ. ಹನಿ ಹಾಕಿ ಬಣ್ಣ ನೋಡುವ ಗಡಸು ಪರೀಕ್ಷೆಯ ಕಿಟ್ ಕೊಟ್ಟು ಮಗಳ ಕೈಯಲ್ಲಿ ಮಾಡಿಸಿದೆ. ಗಡಸು 150 ಬಂತು.

ಆದರೆ 150 ಕೂಡ ಜಾಸ್ತಿಯೇ. ಹೊಸ ರೆಸಿನ್‌ಗೆ ಅದು ಇನ್ನೂ ತುಂಬಾ ಕಡಿಮೆ ಬರಬೇಕಿತ್ತು. ಕಾರಣ ಸಿಕ್ಕಿದ್ದು ಮೋಟಾರಿನಲ್ಲಿ. ಗಂಟೆಗೆ 2,500 ಲೀಟರಿಗೂ ಜಾಸ್ತಿ ತಳ್ಳುತ್ತಿತ್ತು. 25 ಲೀಟರ್ ರೆಸಿನ್‌ಗೆ ಗಂಟೆಗೆ 1,000 ಲೀಟರ್ ಸರಿ. ಪ್ಲಂಬರ್ ಒಂದು ವಾಲ್ವ್ ಹಾಕಿ ಹೆಚ್ಚಿನ ನೀರು ಸಂಪಿಗೇ ವಾಪಸ್ ಬೀಳುವ ಹಾಗೆ ಮಾಡಿದ. ಗಡಸು 20ಕ್ಕೆ ಇಳಿಯಿತು. ಟ್ಯಾಂಕ್ ತುಂಬಲು ಅರ್ಧ ಗಂಟೆ ಬೇಕಾಗುತ್ತದೆ, ಅಷ್ಟೇ.

ಆಮೇಲೆ ಮಕ್ಕಳ ದೂರು. ಎಷ್ಟು ನೀರು ಹೊಯ್ದುಕೊಂಡರೂ ಮೈ ಜಾರುತ್ತದೆ, ಸೋಪು ಹೋಗಿಲ್ಲ ಅನಿಸುತ್ತದೆ. ತುಂಬಾ ಮೆದು ನೀರಿನಲ್ಲಿ ಹಾಗೇ ಆಗುತ್ತದೆ. ಅದಕ್ಕೆ ಅವರು ಇನ್ನೊಂದು ಬಕೆಟ್ ಸುರಿದುಕೊಳ್ಳುತ್ತಿದ್ದರು, ಉಳಿಸಿದ ನೀರು ಹೀಗೆ ಹೋಗುತ್ತಿತ್ತು. ಬೈಪಾಸ್ ವಾಲ್ವ್ ಸ್ವಲ್ಪ ತೆರೆದು ಹಸಿ ನೀರು ಬೆರೆಸಿ ಗಡಸನ್ನು 70ರ ಹತ್ತಿರ ನಿಲ್ಲಿಸಿದೆವು. ಗೀಸರ್‌ಗೂ ತೊಂದರೆ ಇಲ್ಲ, ಮೈಗೂ ಹಿತ.

ಒಂದು ತಪ್ಪು ನನ್ನಿಂದಲೇ ಆಯಿತು. ರೆಸಿನ್ ತೊಳೆದ ಉಪ್ಪುನೀರು ಎಲ್ಲಿಗೆ ಹೋಗುತ್ತದೆ ಎಂದು ನಾನು ಕೇಳಲಿಲ್ಲ. ಪೈಪಿನ ತುದಿ ಹಿತ್ತಲಿನ ಪಾತಿಯಲ್ಲಿತ್ತು. ಒಂದೂವರೆ ತಿಂಗಳಿಗೆ ಕರಿಬೇವಿನ ಎಲೆಯಂಚು ಸುಟ್ಟಂತಾಯಿತು, ಮಲ್ಲಿಗೆ ಒಣಗಿಹೋಯಿತು. ಅಜ್ಜಿ ಏನೂ ಅನ್ನಲಿಲ್ಲ, ಆದರೆ ಅದು ಅವರು ಊರಿನಿಂದ ತಂದು ನೆಟ್ಟ ಮಲ್ಲಿಗೆ. ಪೈಪನ್ನು ಚರಂಡಿಗೆ ತಿರುಗಿಸಿದ ಮೇಲೆ, ಮಳೆಗಾಲದಲ್ಲಿ ಮಣ್ಣು ತೊಳೆದು ಕರಿಬೇವು ಚಿಗುರಿತು. ಮಲ್ಲಿಗೆ ಮರಳಲಿಲ್ಲ.

ಕೂದಲಿನ ಬಗ್ಗೆಯೂ ಹೇಳಬೇಕು, ಯಾಕೆಂದರೆ ಎಷ್ಟೋ ಜನ ಸಾಫ್ಟ್‌ನರ್ ಹಾಕಿಸುವುದೇ ಅದಕ್ಕೆ. ಸೊಸೆಯ ಕೂದಲು ಒರಟಾಗಿ ಸಿಕ್ಕುಗಟ್ಟುವುದು ನಿಂತಿತು, ಶಾಂಪೂ ಅರ್ಧದಷ್ಟು ಸಾಕಾಯಿತು. ಉದುರುವುದು ನಿಲ್ಲಲಿಲ್ಲ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದಾಗ ಕಬ್ಬಿಣದ ಅಂಶ ಕಡಿಮೆ ಇತ್ತು. ಮಾತ್ರೆ ಶುರುವಾದ ಕೆಲವು ತಿಂಗಳಿಗೆ ಕಡಿಮೆಯಾಯಿತು. ಹಾಗಾಗಿ ಆ ಗುಣವನ್ನು ಮೆಷಿನ್‌ನ ಲೆಕ್ಕಕ್ಕೆ ಬರೆಯಲಾರೆ.

ಆರ್‌ಒ ನೀರು ಸಪ್ಪೆ ಎಂಬ ಅಜ್ಜಿಯ ದೂರಿಗೆ ಅದರಲ್ಲೇ ಇರುವ ರುಚಿಯ ಸ್ಕ್ರೂ ಸ್ವಲ್ಪ ತಿರುಗಿಸಿದೆವು. ಅದು ಹಸಿ ನೀರನ್ನು ಬೆರೆಸುತ್ತದೆ, ಅಂದರೆ ನೈಟ್ರೇಟನ್ನೂ ಬೆರೆಸುತ್ತದೆ. ಹಾಗಾಗಿ ತಿರುಗಿಸಿದ ಮೇಲೆ ಮತ್ತೆ ಲ್ಯಾಬಿಗೆ ಕಳಿಸಿದೆ. ಟಿಡಿಎಸ್ 160, ನೈಟ್ರೇಟ್ 16. ಆಮೇಲೆಯೇ ಸಮಾಧಾನ. ಆಗಸ್ಟ್‌ನಲ್ಲಿ ಬಾಣಂತಿ ಬಂದಾಗ ಸಿಂಕಿನ ನಲ್ಲಿಯ ಮೇಲೆ "ಕುಡಿಯಲು ಅಲ್ಲ" ಎಂದು ಬರೆದು ಅಂಟಿಸಿತ್ತು. ಮಗುವಿನ ಪುಡಿಹಾಲಿಗೆ ಆರ್‌ಒ ನೀರನ್ನೇ ಕುದಿಸಿ ಆರಿಸಿ ಬಳಸಿದರು. ಆರ್‌ಒ ಹೊರಹಾಕುವ ನೀರು ದಿನಕ್ಕೆ ಮೂರು ಬಕೆಟ್ ಸಿಗುತ್ತಿತ್ತು. ಅದು ನೆಲ ಒರೆಸಲು, ಫ್ಲಶ್‌ಗೆ ಹೋಯಿತು.

ಕಾವೇರಿ ಬಂದಾಗ

ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ಈ 110 ಹಳ್ಳಿಗಳಿಗಾಗಿಯೇ ದಿನಕ್ಕೆ 775 ದಶಲಕ್ಷ ಲೀಟರ್. ಮರುವರ್ಷ ಫೆಬ್ರುವರಿಯಲ್ಲಿ ಈ ಮನೆಗೆ ಸಂಪರ್ಕ ಸಿಕ್ಕಿತು. ದಿನ ಬಿಟ್ಟು ದಿನ, ಒಂದೆರಡು ಗಂಟೆ. ಪರೀಕ್ಷೆ ಮಾಡಿದೆ. ಟಿಡಿಎಸ್ 240, ಗಡಸು 130.

ಪ್ಲಂಬರ್ ಪೈಪನ್ನು ಸಂಪಿಗೇ ಬಿಡಲು ಹೊರಟಿದ್ದ. "ಎಲ್ಲರ ಮನೇಲೂ ಹೀಗೇ ಬಿಡೋದು ಮೇಡಂ." ನಾನು ಬೇಡವೆಂದು ಕೂತೆ. ಅಷ್ಟು ಒಳ್ಳೆಯ ನೀರನ್ನು ನೈಟ್ರೇಟ್ ಇರುವ ಬೋರ್ ನೀರಿಗೆ ಸುರಿದರೆ ಮತ್ತೆ ಆರ್‌ಒದಲ್ಲಿ ಸೋಸಿ, ಮುಕ್ಕಾಲು ಪಾಲು ಹೊರಗೆ ಚೆಲ್ಲಬೇಕಾಗುತ್ತದೆ. ಗಂಡನಿಗೆ ಮತ್ತೆ ಖರ್ಚೇ ಎನಿಸಿತು. ಆದರೆ ಮೆಂಬ್ರೇನ್‌ಗೆ ಹಾಕಿದ ಹಣ ಲೆಕ್ಕ ಹಾಕಿದ ಮೇಲೆ ಒಪ್ಪಿದರು. ಮೆಟ್ಟಿಲ ಕೆಳಗೆ 500 ಲೀಟರಿನ ಮುಚ್ಚಳದ ಟ್ಯಾಂಕ್, ಅರ್ಧ ಎಚ್‌ಪಿ ಪಂಪು, ತಾರಸಿಯಲ್ಲಿ ಚಿಕ್ಕ ಟ್ಯಾಂಕು, ಅಲ್ಲಿಂದ ಅಡುಗೆಮನೆಗೆ ಒಂದೇ ಒಂದು ನಲ್ಲಿ.

ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ಬೇಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು. ಆರ್‌ಒ ಕಳಚಿ, ಆ ನಲ್ಲಿಗೆ ಇದ್ದಿಲು ಮತ್ತು ಯುವಿ ಇರುವ ಚಿಕ್ಕ ಫಿಲ್ಟರ್ ಹಾಕಿಸಿದರು. ಆರ್‌ಒವನ್ನು ಬಿಸಾಡಲಿಲ್ಲ. ಕಾವೇರಿ ಬರದ ವಾರಕ್ಕೆ ಇರಲಿ ಎಂದು ಒರೆಸಿ ಅಟ್ಟದ ಮೇಲೆ ಇಟ್ಟಿದ್ದಾರೆ. ಸ್ನಾನಕ್ಕೆ, ಬಟ್ಟೆಗೆ ಬೋರ್ ನೀರು ಸಾಫ್ಟ್‌ನರ್ ಮೂಲಕವೇ ಬರುತ್ತದೆ. ಫ್ಲಶ್‌ಗೆ, ಗಿಡಕ್ಕೆ ಹಸಿ ನೀರು.

ಸಾಫ್ಟ್‌ನರ್ ಪಕ್ಕದ ಮೊಳೆಗೆ ಒಂದು ನೋಟ್‌ಬುಕ್ ನೇತಾಡುತ್ತದೆ. ಮೀಟರ್ ರೀಡಿಂಗ್, ಹಾಕಿದ ಉಪ್ಪು, ಹನಿ ಪರೀಕ್ಷೆಯ ಅಂಕಿ, ಎಲ್ಲ ದೊಡ್ಡ ಮಗಳ ಅಕ್ಷರದಲ್ಲಿ. ಕಳೆದ ಸಲ ಹೋದಾಗ ಕೊನೆಯ ಸಾಲಿನಲ್ಲಿ 65 ಎಂದಿತ್ತು. ಅಜ್ಜಿ ಚೊಂಬು ಹಿಡಿದು ಕಾವೇರಿ ನಲ್ಲಿಯ ಮುಂದೆ ನಿಂತಿದ್ದರು. ಒಲೆಯ ಮೇಲೆ ಕುಕ್ಕರ್ ಮೂರನೇ ಸಲ ಕೂಗಿತು. "ಸಾಕು, ಆರಿಸೇ," ಎಂದು ಸೊಸೆಗೆ ಹೇಳಿದರು.